ನಾಲ್ಕು ಸೆಲ್ಲು, ಒಂದು ತಾರು

ಚೌಬಾರಾದ ಹಿಂದಿನ ಗಲ್ಲಿ, ಮೆಟ್ಟಿಲ ಕೆಳಗ ನನ್ನ ದುಕಾನ.
ಇಬ್ಬರು ನಿಂತ್ರ ಮೂರನೇದಾವ ಬಿಸಿಲಾಗ.
ತಸ್ನೀಮ್ ಆಪಾ ಬಂದು ಕೌಂಟರ್ ಮ್ಯಾಲ ಅರಿಬಿ ಬಿಚ್ಚಿದಳು:
ಇಟ್ಟಂಗಿಯಂಥಾ ದಪ್ಪ, ಬೂದಿ ಬಣ್ಣದ ಕೈಗೇಮು.
"ಸಾಲೊಮನ್ ಭಾಯ್, ಚಾಲೂ ಆಗವಲ್ದು."

ಎಷ್ಟು ದಿನದಿಂದ, ಅಂದೆ.
"ಮೂವತ್ತೆರಡು ವರ್ಷದಿಂದ."
ನಗಲಿಲ್ಲ ನಾನು. ಇಂಥ ಮಾತಿಗೆ ನಕ್ಕರ
ಗಿರಾಕಿ ಹೋಗ್ತದ.

ಹೊಸಾ ಸೆಲ್ಲು ಹಾಕಿದೆ, ನಾಲ್ಕು. ಸ್ವಿಚ್ ಸರಿಸಿದೆ. ಏನಿಲ್ಲ.
ಒಂದು ಉಲ್ಟಾ ಕುಂತದೇನೋ ಅಂತ ಮತ್ತ ನೋಡಿದೆ,
ಐವತ್ತು ದಾಟಿದ ಕೈ, ತಪ್ಪತದ.
ತಪ್ಪಿರಲಿಲ್ಲ.
ಕಿವಿಗೆ ಹಿಡಿದೆ. ಒಳಗ ಇರುವಿ ನಡೆದ ಸಪ್ಪಳನೂ ಇಲ್ಲ.

ಹಿಂದಿನ ಸ್ಕ್ರೂದ ತಲಿ ಮೂರು ಮೂಲಿ;
ನನ್ನ ಡಬ್ಬ್ಯಾಗಿನ ಯಾವ ಮೊನಿಗೂ ಬಗ್ಗಲಿಲ್ಲ.
ಪೆನ್ನಿನ ನಳಿಗಿ ಕಾಸಿ, ಅದರ ಮ್ಯಾಲ ಒತ್ತಿ,
ಆರೋತನಕ ಹಿಡಿದು ತಿರುವಿದೆ.
ಕಿರ್ರ್ ಅಂತ ಬಿಟ್ಟು ಬಂತು.

ಸೆಲ್ಲಿನ ಮನ್ಯಾಗ ಬರೇ ಹಸಿರು.
ಬಿಳಿ ಬೂದಿ, ನೀಲಿ ಹರಳು, ಸ್ಪ್ರಿಂಗಿನ ಕಾಲು ಮುರುಕು.
"ಜಂಗ್ ತಿಂದದ, ಆಪಾ."
"ನಾವು ಜಂಗಿನ ಮ್ಯಾಲೇ ಉಣ್ಣೋ ಮಂದಿ," ಅಂದಳು.

ಬಿದರಿ ಕೆಲಸ ಅವರದು.
ಕಿಲ್ಲೆದ ಮಣ್ಣು ನವಸಾಗರದ ಜೋಡಿ ಕುದಿಸಿ
ಹೂಜಿ ಅದ್ದಿದ್ರ ಸತುವಿನ ಮೈ ಕರ್ರಗಾಗ್ತದ,
ಬೆಳ್ಳಿ ಮಾತ್ರ ಎದ್ದು ನಿಂದರ್ತದ.
ಮಣ್ಣು ಯಾವುದಂತ ನಾಲಗಿ ಹೇಳಬೇಕು.
ಆಕಿ ಅಬ್ಬಾ ಚಿಟಿಕಿ ಮಣ್ಣು ಬಾಯಾಗ ಇಟ್ಟು, ಕಣ್ಣು ಮುಚ್ಚಿ,
ಹೂಂ ಅಂತಿದ್ರಂತ. ಇಲ್ಲಾ ಥೂ.
ನನಗೂ ಅದೇ ಚಟ. ಒಂಬತ್ತು ವೋಲ್ಟಿನ ಸೆಲ್ಲು
ಮೀಟರಿಗಿಂತ ಮೊದಲು ನಾಲಗಿಗೆ ಹಚ್ಚತೀನಿ.
ಚುರ್ ಅಂದ್ರ ಜೀವ ಅದ.

ನಿಂಬಿಹಣ್ಣು ಹಿಂಡಿ, ಹಳೇ ಬ್ರಶ್ಶಿಲೆ ತಿಕ್ಕಿದೆ.
ಬುಸುಬುಸು ನೊರಿ. ಹಸಿರು ಇಳೀತು.
ಇಳಿದಲ್ಲೊಂದು ಹೊಳಪು:
ಮೈನಸ್ ಬಾಜೂಕ, ಕೂದಲಷ್ಟು ಸಣ್ಣ ತಾರು,
ಮೂರು ಸುತ್ತು ಸುತ್ತಿ, ತುದಿ ಬಡಿದು ಚಪ್ಪಟ ಮಾಡಿ ಕೂಡಿಸ್ಯಾರ.
ಸುತ್ತಲಿನ ಕಲಾಯಿ ಸುಲಿದದ, ಕಬ್ಬಿಣ ಉದುರ್ಯದ,
ಇದಕ್ಕ ಏನೂ ಆಗಿಲ್ಲ.
"ಬೆಳ್ಳಿ! ಯಾರು ಮಾಡಿದ ರಿಪೇರಿ ಇದು?
ಇವತ್ತಿನ ಭಾವದಾಗ ನನ್ನ ಚಾದ ಖರ್ಚು ಹೊಂಟು ಹೋಗ್ತದ."

ಆಪಾ ಗಲ್ಲಿ ಕಡಿ ನೋಡಿದಳು.
ಕಬ್ಬಿನಹಾಲಿನ ಗಾಡಿ ಗೆಜ್ಜಿ ಕುಣಿಸಿಕೋತ ತಿರುಗತಿತ್ತು.
"ನಾನೇ. ಹನ್ನೊಂದು ವರ್ಷ ಆಗ.
ಚಾಚಾ ಜೆದ್ದಾದಿಂದ ಮುನೀರಗ ಅಂತ ತಂದಿದ್ರು.
ಸೆಲ್ಲು ಸಡ್ಲ ಕುಂತು ಆರಿ ಆರಿ ಹತ್ತತಿತ್ತು,
ನನ್ನ ಪಾಳಿ ಬಂದಾಗೇ ಆರತಿತ್ತು.
ಅಬ್ಬಾನ ಡಬ್ಬ್ಯಾಗಿಂದ ಗೇಣುದ್ದ ತಾರು ತಗೊಂಡೆ.
ಅವರು ತಾರು ತೂಗಿ ಇಡೋರು, ನಾ ಅದು ಮರೆತಿದ್ದೆ.
ಮುನೀರ್ ತಿಂದ, ಕಪಾಳಕ್ಕ.
ನಾ ಬಾಗಿಲ ಹಿಂದ ನಿಂತು ಎಣಿಸಿದೆ. ನಾಲ್ಕು.
ಅಂವ ಮತ್ತ ಇದನ್ನ ಮುಟ್ಟಲಿಲ್ಲ. ನಾನೂ.
ಸೆಲ್ಲು ಒಳಗೇ ಉಳಿದ್ವು."

ಸ್ಪ್ರಿಂಗಿಗೆ ಹೊಸ ಕಾಲು ಬೆಸೆದೆ. ಆ ತಾರಿಗೆ ಕೈ ಹಚ್ಚಲಿಲ್ಲ.
ಮೀಟರ್ ಕೂಗಿತು, ಕರೆಂಟು ಹಾಯ್ತದ.
ಆದ್ರೂ ಗೇಮು ಏಳವಲ್ದು.
ಉಳಿದದ್ದು ಸ್ವಿಚ್. ಒಂದು ಹನಿ ಸ್ಪಿರಿಟ್ ಬಿಟ್ಟು
ಅತ್ತ ಇತ್ತ, ಅತ್ತ ಇತ್ತ,
ಎಣಿಕಿ ಇಪ್ಪತ್ತಕ್ಕ ಬಿಟ್ಟುಹೋಯ್ತು.

ಸಾಸಿವಿಯಷ್ಟು ಕೆಂಪು ಹತ್ತಿತು.
ಪರದಿ ಮ್ಯಾಲ ಎರಡು ಗೆರಿ ಸತ್ತಾವ, ಉಳಿದದ್ದು ನೆಟ್ಟಗ.
ಟಿಂಗ್, ಅಂತು.

"ಶುಕ್ರವಾರ ಬರ್ತಾನ ಮುನೀರ್, ಹುಮನಾಬಾದದಿಂದ,"
ಅಂತಂದು, ನನ್ನ ಕೈಯಾಗಿಂದ ತಗೊಂಡು, ಆರಿಸಿಬಿಟ್ಟಳು.

"ಸೆಲ್ಲು ತೆಗೀರಿ, ಭಾಯ್.
ಬ್ಯಾರೇ ಕಾಗದದಾಗ ಕಟ್ರಿ."